ಹಿತ್ತಾಳೆ ರೇಲಿಂಗ್: ಒಂದು ಬೆಸೆದರೆ ಪಕ್ಕದ್ದು ಬಿಚ್ಚಿಕೊಳ್ಳುತ್ತದೆ, ಕಪ್ಪು ಬಣ್ಣವೂ ಹಿಡಿಯುತ್ತಿಲ್ಲ

ತೆಳುತಂತಿ

ಎಲ್ಲರಿಗೂ ನಮಸ್ಕಾರ. 1:96 ಅಳತೆಯಲ್ಲಿ ಒಂದು ಹಳೇ ಉಗಿಹಡಗಿನ ಮಾದರಿ ಕಟ್ಟುತ್ತಿದ್ದೇನೆ. ಒಡಲು, ಡೆಕ್, ಕ್ಯಾಬಿನ್ ಎಲ್ಲಾ ಮುಗಿದಿದೆ. ಮರದ ಕೆಲಸದಲ್ಲಿ ನನಗೆ ಕೈ ಕೂತಿದೆ. ಆದರೆ ರೇಲಿಂಗ್ ಹತ್ತಿರ ಬಂದು ಮೂರು ವಾರ ಆಯಿತು, ಒಂದು ತುಂಡೂ ಸರಿಯಾಗಿ ಬಂದಿಲ್ಲ.

ಕಂಬಕ್ಕೆ 0.5 ಮಿ.ಮೀ. ಹಿತ್ತಾಳೆ ತಂತಿ, ಅಡ್ಡಕಂಬಿಗೆ 0.3 ಮಿ.ಮೀ. ತಂತಿ. ಎತ್ತರ 11 ಮಿ.ಮೀ., ಕಂಬದಿಂದ ಕಂಬಕ್ಕೆ 15 ಮಿ.ಮೀ., ಅಡ್ಡಕಂಬಿ ಮೂರು ಸಾಲು. ಮೇಲಿನ ಸಾಲು ಬೆಸೆಯುತ್ತೇನೆ, ಚೆನ್ನಾಗಿ ನಿಲ್ಲುತ್ತದೆ. ನಡುವಿನ ಸಾಲಿಗೆ ಬೆಸುಗೆ ಹಾಕುವ ಐರನ್ ಇಟ್ಟ ಕೂಡಲೇ ಮೇಲಿನದು ಕಳಚಿಕೊಳ್ಳುತ್ತದೆ. ಅದನ್ನು ಸರಿ ಮಾಡಲು ಹೋದರೆ ಇದು ಹೋಗುತ್ತದೆ. ಹೇಗೋ ನಿಂತ ಕಡೆಯೂ ಪ್ರತಿ ಬೆಸುಗೆ ಸಾಸಿವೆ ಕಾಳಿನಂತೆ ಉಬ್ಬಿರುತ್ತದೆ.

ಒಂದು ತುಂಡನ್ನು ಹಾಗೇ ಕಪ್ಪು ಮಾಡುವ ದ್ರಾವಣದಲ್ಲಿ ಅದ್ದಿ ನೋಡಿದೆ. ತಂತಿ ಕಪ್ಪಾಯಿತು. ಬೆಸುಗೆಗಳು ಮಾತ್ರ ಬೆಳ್ಳಿ ಚುಕ್ಕೆಗಳಂತೆ ಹೊಳೆಯುತ್ತಾ ಉಳಿದವು.

ಇನ್ನೂ ಒಂದು ವಿಷಯ ಇದೆ. ಹೋದ ವರ್ಷ ಮಾಡಿದ ಹಿತ್ತಾಳೆ ಏಣಿಯೊಂದರ ಮೂಲೆಗಳಲ್ಲಿ ಈಗ ಹಸಿರು ಪುಡಿ ಬಂದಿದೆ. ಬಣ್ಣದ ಕೆಳಗಿನಿಂದಲೇ ಎದ್ದಿದೆ.

ನನ್ನ ಹತ್ತಿರ ಇರುವುದು 25 ವ್ಯಾಟ್ ಐರನ್, ಸೂಜಿಯಂಥ ಮೊನೆ. ಬೆಸುಗೆ ತಂತಿ ಎಲೆಕ್ಟ್ರಾನಿಕ್ಸ್‌ಗೆ ಬಳಸುವ ರಾಳ ತುಂಬಿದ ತಂತಿ. ಏಣಿಗೆ ಮಾತ್ರ ಬೇರೆ ಯಾವುದೋ ಆಸಿಡ್ ಫ್ಲಕ್ಸ್ (ಬೆಸುಗೆ ಹರಿಯಲು ಲೋಹದ ಮೈ ಶುಚಿ ಮಾಡುವ ರಾಸಾಯನಿಕ) ಹಾಕಿದ್ದೆ. ಎಲ್ಲಿ ತಪ್ಪುತ್ತಿದ್ದೇನೆ, ದಯವಿಟ್ಟು ಹೇಳಿ.

ಸಣ್ಣಬೆಂಕಿ

ಮೊದಲು ಆ ಸೂಜಿ ಮೊನೆಯನ್ನು ಬಿಚ್ಚಿ ಪಕ್ಕಕ್ಕಿಡಿ. ನಿಮ್ಮ ತೊಂದರೆಯಲ್ಲಿ ಅರ್ಧ ಪಾಲು ಅದರದ್ದೇ.

ಕೆಲಸ ಸಣ್ಣದು, ಹಾಗಾಗಿ ಐರನ್ ಸಣ್ಣದಿರಲಿ ಅಂತ ಎಲ್ಲರಿಗೂ ಅನ್ನಿಸುತ್ತದೆ. ಹಿತ್ತಾಳೆಗೆ ಇದು ತಿರುಗುಮುರುಗು. ಹಿತ್ತಾಳೆ ಶಾಖವನ್ನು ಉಕ್ಕಿಗಿಂತ ಎರಡು ಪಟ್ಟಿಗೂ ಜಾಸ್ತಿ ಚೆನ್ನಾಗಿ ಸಾಗಿಸುತ್ತದೆ. ಸೂಜಿ ಮೊನೆಯಲ್ಲಿ ಶಾಖದ ದಾಸ್ತಾನು ಇರುವುದಿಲ್ಲ. ತಂತಿಗೆ ತಾಗಿದ ಕೂಡಲೇ ಮೊನೆ ತಣ್ಣಗಾಗುತ್ತದೆ. ಬೆಸುಗೆ ಕರಗಲಿ ಅಂತ ನೀವು ಐದಾರು ಸೆಕೆಂಡ್ ಒತ್ತಿ ಹಿಡಿಯುತ್ತೀರಿ, ಅಲ್ವಾ? ಅಷ್ಟು ಹೊತ್ತಿಗೆ ಶಾಖ 4 ಮಿ.ಮೀ. ಆಚೆಗಿನ ಬೆಸುಗೆಗೆ ತಲುಪಿರುತ್ತದೆ. ಅದೂ ಕರಗುತ್ತದೆ.

3 ಮಿ.ಮೀ. ಅಗಲದ ಉಳಿಯಂಥ ಮೊನೆ ತೆಗೆದುಕೊಳ್ಳಿ. 50-60 ವ್ಯಾಟ್‌ನ, ಶಾಖ ಹಿಡಿದಿಡುವ ಐರನ್ ಇರಲಿ. 350 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಡಿ. ತಾಗಿಸಿ, ಬೆಸುಗೆ ಹರಿಯಿತು, ತೆಗೆದಿರಿ. ಒಂದು ಸೆಕೆಂಡಿನ ಕೆಲಸ. ಪಕ್ಕದ ಬೆಸುಗೆಗೆ ಸುದ್ದಿಯೇ ತಲುಪುವುದಿಲ್ಲ.

ಎರಡನೇದು ಫ್ಲಕ್ಸ್. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಬಿಸಿಯಾದಾಗ ಮೇಲೆ ಸತುವಿನ ಆಕ್ಸೈಡ್ ಪದರ ಕಟ್ಟುತ್ತದೆ. ರಾಳಕ್ಕೆ ಅದನ್ನು ಕಡಿಯುವ ಶಕ್ತಿ ಕಡಿಮೆ. ರಾಳ ಹೊಂದುವುದು ಶುದ್ಧ ತಾಮ್ರದ ಸರ್ಕ್ಯೂಟ್ ಬೋರ್ಡ್‌ಗೆ. ಹಿತ್ತಾಳೆಗೆ ಫಾಸ್ಫಾರಿಕ್ ಆಸಿಡ್ ಇರುವ ನೀರಿನಂಥ ಫ್ಲಕ್ಸ್ ತಂದುಕೊಳ್ಳಿ. ಒಂದು ಸಣ್ಣ ಕುಂಚದಲ್ಲಿ ಅರ್ಧ ಹನಿ ಸಾಕು. ಬೆಸುಗೆ ಹೇಗೆ ಓಡುತ್ತದೆ ಅಂತ ಆಮೇಲೆ ನೋಡಿ.

ಉಬ್ಬಿನ ಬಗ್ಗೆ: ಬೆಸುಗೆ ತಂತಿಯನ್ನು ನೇರವಾಗಿ ಜಾಯಿಂಟಿಗೆ ಹಿಡಿಯಲೇಬೇಡಿ. 0.3 ಮಿ.ಮೀ. ಕಂಬಿಗೆ ಬೇಕಾದ ಬೆಸುಗೆ ಎಷ್ಟು ಕಡಿಮೆ ಅಂದರೆ ಅದು ಕಣ್ಣಿಗೆ ಕಾಣುವುದೇ ಕಷ್ಟ. ಬೆಸುಗೆ ತಂತಿಯನ್ನು ಸುತ್ತಿಗೆಯಲ್ಲಿ ಕಾಗದದಷ್ಟು ತೆಳ್ಳಗೆ ಬಡಿಯಿರಿ. ಬ್ಲೇಡಿನಲ್ಲಿ ಚೂರು ಚೂರು ಮಾಡಿ. ಫ್ಲಕ್ಸ್ ಹಚ್ಚಿದ ಜಾಗಕ್ಕೆ ಕುಂಚದ ತುದಿಯಲ್ಲಿ ಒಂದು ಚೂರು ಇಡಿ. ಆಮೇಲೆ ಬರಿಯ ಐರನ್ ತಾಗಿಸಿ.

ಅರದಪುಡಿ

ಮೇಲೆ ಹೇಳಿದ್ದೆಲ್ಲಾ ಸರಿ. ಆದರೆ ಐರನ್ ಎತ್ತುವ ಮುಂಚಿನ ಕೆಲಸ ಒಂದಿದೆ.

ದುಂಡನೆಯ ತಂತಿ ದುಂಡನೆಯ ತಂತಿಯ ಮೇಲೆ ಅಡ್ಡ ಕೂತರೆ ಅವು ತಾಗುವುದು ಒಂದೇ ಒಂದು ಚುಕ್ಕೆಯಲ್ಲಿ. ಬಲವೆಲ್ಲಾ ಸುತ್ತ ಇರುವ ಬೆಸುಗೆಯಿಂದಲೇ ಬರಬೇಕು. ಅದಕ್ಕೇ ನಮಗೆ ಗೊತ್ತಿಲ್ಲದೇ ಜಾಸ್ತಿ ಬೆಸುಗೆ ಸುರಿಯುತ್ತೇವೆ. ಕಂಬದಲ್ಲಿ ಒಂದು ಸಣ್ಣ ಗಾಡಿ (ತೋಡು) ಕೊರೆದರೆ ಕಂಬಿ ಅದರೊಳಗೆ ಕೂರುತ್ತದೆ. ಬೆಸುಗೆ ಆ ಸಂದಿಗೆ ತಾನೇ ಎಳೆದುಕೊಳ್ಳುತ್ತದೆ. ಸಂದಿ 0.05ರಿಂದ 0.1 ಮಿ.ಮೀ. ಇದ್ದರೆ ಈ ಎಳೆತ ಚೆನ್ನಾಗಿರುತ್ತದೆ. ಅದಕ್ಕಿಂತ ಅಗಲವಾದರೆ ಬೆಸುಗೆ ತುಂಬಬೇಕಾಗುತ್ತದೆ, ತುಂಬಿದ್ದು ಉಬ್ಬುತ್ತದೆ.

ಹತ್ತು ಕಂಬಗಳನ್ನು ಒಂದರ ಪಕ್ಕ ಒಂದು ಒತ್ತಾಗಿ ಜೋಡಿಸಿ, ಎರಡೂ ತುದಿಗೆ ಟೇಪ್ ಹಾಕಿ ಹಲಗೆಗೆ ಅಂಟಿಸಿ. ಉಕ್ಕಿನ ಸ್ಕೇಲ್ ಅಡ್ಡ ಹಿಡಿದು ಸಣ್ಣ ಅರದ ಅಂಚಿನಲ್ಲಿ ಎಲ್ಲದರ ಮೇಲೂ ಒಟ್ಟಿಗೇ ಎಳೆಯಿರಿ. 0.1 ಮಿ.ಮೀ. ಆಳ ಸಾಕು, ಎರಡು ಮೂರು ಎಳೆತ. ಹತ್ತು ಕಂಬಕ್ಕೂ ಒಂದೇ ಎತ್ತರದಲ್ಲಿ ಗಾಡಿ ಬೀಳುತ್ತದೆ. ಒಂದೊಂದನ್ನೇ ಅಳೆದರೆ ಈ ಸಾಲು ಯಾವತ್ತೂ ನೇರ ಬರುವುದಿಲ್ಲ.

ಇನ್ನು ತಂತಿ. ಸುರುಳಿಯಿಂದ ಬಿಚ್ಚಿದ ತಂತಿಯನ್ನು ಕೈಯಲ್ಲಿ ನೀವಿ ನೇರ ಮಾಡಬೇಡಿ. ಒಂದು ತುದಿಯನ್ನು ವೈಸ್‌ಗೆ ಕೊಡಿ, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು ಸಮನಾಗಿ ಎಳೆಯಿರಿ. ಒಂದು ಹಂತದಲ್ಲಿ ತಂತಿ ಒಂಚೂರು ಸಡಿಲಬಿಟ್ಟಂತೆ ಕೈಗೆ ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ತಂತಿ ಬಾಣದಂತೆ ನೇರ ಆಗಿರುತ್ತದೆ, ಜೊತೆಗೆ ಮೊದಲಿಗಿಂತ ಗಟ್ಟಿ ಆಗಿರುತ್ತದೆ.

ಹಳೇಹಡಗು

ಸೀಸ-ತವರದ ಬೆಸುಗೆಯ ಮಾತೇ ನಡೀತಿದೆ. ನಾನು ಬೆಳ್ಳಿ ಬೆಸುಗೆಯ ಕಡೆಯವನು. ಅದರ ಪರವಾಗಿ ಒಂದೆರಡು ಮಾತು.

ಸೀಸ-ತವರದ ಬೆಸುಗೆ 183 ಡಿಗ್ರಿಯಲ್ಲಿ ಕರಗಲು ಶುರುವಾಗುತ್ತದೆ. ಸೀಸ ಇಲ್ಲದ ತವರ-ಬೆಳ್ಳಿ ಬೆಸುಗೆ 221ರಲ್ಲಿ. ಎರಡೂ ಮೆತ್ತಗೆ. ಬೆಳ್ಳಿ ಬೆಸುಗೆ ಅಂದರೆ ಬೆಳ್ಳಿ, ತಾಮ್ರ, ಸತುವಿನ ಮಿಶ್ರಣ. ಅದು ಕರಗಲು 600 ದಾಟಬೇಕು, ಗಟ್ಟಿ ಜಾತಿಯದಕ್ಕೆ 700ಕ್ಕೂ ಮೇಲೆ. ಬಲ ಎಷ್ಟೋ ಪಾಲು ಜಾಸ್ತಿ. ಮುಖ್ಯ ವಿಷಯ ಅಂದರೆ ಅದರಲ್ಲಿ ತಾಮ್ರ ಇದೆ, ಹಾಗಾಗಿ ಕಪ್ಪು ದ್ರಾವಣಕ್ಕೆ ಹಾಕಿದಾಗ ಬೆಸುಗೆಯೂ ಕಪ್ಪಾಗುತ್ತದೆ. ನಿಮ್ಮ ಬೆಳ್ಳಿ ಚುಕ್ಕೆಯ ತೊಂದರೆ ಅಲ್ಲಿಗೇ ಮುಗಿಯಿತು.

ಮೊನ್ನೆ ಮಾಡಿದ ಒಂದು ಚುಕ್ಕಾಣಿ ಕೀಲನ್ನೇ ಹೇಳುತ್ತೇನೆ. ಪಟ್ಟಿ 0.25 ಮಿ.ಮೀ. ತಗಡು, 1.5 ಮಿ.ಮೀ. ಅಗಲ. ಅದರ ನಡುವಿಗೆ 1 ಮಿ.ಮೀ. ಹೊರ ಅಳತೆಯ ಕೊಳವೆಯ ಒಂದು ತುಂಡು ಬೆಸೆಯಬೇಕು. ಮೊದಲು ಪಟ್ಟಿಯಲ್ಲಿ ದುಂಡು ಅರದಿಂದ ಒಂದು ತಗ್ಗು ಮಾಡಿದೆ, ಕೊಳವೆ ಅದರಲ್ಲಿ ಮಲಗುವಂತೆ. ಬೆಸುಗೆ ಕೊಳವೆಯ ಒಳಗೆ ನುಗ್ಗಬಾರದು, ಅದಕ್ಕೆ ಒಳಗೆ ಮೆಕ್ಯಾನಿಕಲ್ ಪೆನ್ಸಿಲ್ಲಿನ ಕಡ್ಡಿ ತೂರಿಸಿದೆ. ಗ್ರಾಫೈಟ್‌ಗೆ ಬೆಸುಗೆ ಹಿಡಿಯುವುದಿಲ್ಲ. ಬಿಳಿಗಾರದ ಫ್ಲಕ್ಸನ್ನು ಮಜ್ಜಿಗೆಯ ಹದಕ್ಕೆ ಕಲಸಿ ಹಚ್ಚಿದೆ. ಅರ್ಧ ಮಿಲಿಮೀಟರಿನ ಒಂದೇ ಒಂದು ಬೆಸುಗೆ ಚೂರು ಇಟ್ಟೆ.

ಕೋಣೆಯ ದೀಪ ಕಡಿಮೆ ಮಾಡಿದೆ. ಇದು ಬಹಳ ಮುಖ್ಯ. ಬೆಳಕು ಜಾಸ್ತಿ ಇದ್ದರೆ ಹಿತ್ತಾಳೆ ಕೆಂಪಾಗುವುದು ಕಾಣುವುದಿಲ್ಲ.

ಜ್ವಾಲೆಯನ್ನು ದೂರದಿಂದಲೇ ಆಡಿಸಿದೆ. ಮೊದಲು ನೀರು ಹೋಗುತ್ತದೆ. ಫ್ಲಕ್ಸ್ ಬೆಳ್ಳಗೆ ಪೊರೆ ಕಟ್ಟಿ ಮಂಡಕ್ಕಿಯಂತೆ ಉಬ್ಬುತ್ತದೆ, ಬೆಸುಗೆ ಚೂರನ್ನೂ ಎತ್ತಿಬಿಡುತ್ತದೆ. ಉಕ್ಕಿನ ಸೂಜಿಯಲ್ಲಿ ಅದನ್ನು ಜಾಗಕ್ಕೆ ತಳ್ಳಿದೆ. ಮುಂದೆ ಉಬ್ಬು ಇಳಿಯುತ್ತದೆ. ಇನ್ನೂ ಕಾದಾಗ ಫ್ಲಕ್ಸ್ ತಿಳಿನೀರಿನಂತೆ ಪಾರದರ್ಶಕ ಆಗುತ್ತದೆ, ಕೆಳಗಿನ ಲೋಹ ಹೊಳೆಯುತ್ತದೆ. ಇಲ್ಲಿಂದ ಕಣ್ಣು ಮಿಟುಕಿಸಬಾರದು. ಪಟ್ಟಿ ದಪ್ಪ, ಹಾಗಾಗಿ ಜ್ವಾಲೆ ಪಟ್ಟಿಯ ಕಡೆಗೆ. ಲೋಹ ಮಬ್ಬು ಕೆಂಪಿಗೆ ತಿರುಗಿತು. ಬೆಸುಗೆ ಚೂರಿನ ಮೂಲೆಗಳು ಮೊಂಡಾದವು, ಚೂರು ದುಂಡಾಯಿತು, ಮರುಕ್ಷಣ ಕೊಳವೆಯ ಉದ್ದಕ್ಕೂ ಒಂದು ಬೆಳ್ಳಿ ಗೆರೆ ಸರ್ರನೆ ಓಡಿತು. ಆ ಗೆರೆ ಕಂಡ ಕ್ಷಣವೇ ಜ್ವಾಲೆ ಆಚೆ. ಎಷ್ಟು ಸಲ ನೋಡಿದರೂ ಆ ಗೆರೆ ಓಡುವುದನ್ನು ನೋಡುವ ಖುಷಿ ಕಡಿಮೆ ಆಗುವುದಿಲ್ಲ.

ಒಂದು ಎಚ್ಚರಿಕೆ. ಹಿತ್ತಾಳೆ ಕರಗುವುದು ಅದರಲ್ಲಿನ ಸತುವಿನ ಪ್ರಮಾಣ ನೋಡಿಕೊಂಡು ಸುಮಾರು 900ರಿಂದ 950 ಡಿಗ್ರಿಯಲ್ಲಿ. ಗಟ್ಟಿ ಬೆಳ್ಳಿ ಬೆಸುಗೆಗೂ ಅದಕ್ಕೂ ಅಂತರ ಜಾಸ್ತಿ ಇಲ್ಲ. ತೆಳ್ಳನೆ ತಂತಿಯಾದರೆ ಆ ಅಂತರ ಎರಡೇ ಸೆಕೆಂಡ್. ಬಿಳಿ ಹೊಗೆ ಎದ್ದರೆ ಸತು ಸುಡುತ್ತಿದೆ ಅಂತ ಅರ್ಥ. ಅದನ್ನು ಉಸಿರಾಡಬಾರದು, ಜ್ವರ ಬರುತ್ತದೆ. ಹಳೇ ದಾಸ್ತಾನಿನ ಬೆಳ್ಳಿ ಬೆಸುಗೆಯಲ್ಲಿ ಕ್ಯಾಡ್ಮಿಯಂ ಇರುವುದುಂಟು. ಅದರ ಹೊಗೆ ವಿಷ. ಕ್ಯಾಡ್ಮಿಯಂ ಇಲ್ಲದ್ದು ಅಂತ ಖಾತ್ರಿ ಮಾಡಿಕೊಂಡೇ ಬಳಸಿ.

ಸಣ್ಣಬೆಂಕಿ

ಹಳೇಹಡಗು ಅವರೇ, ಕೀಲಿಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಈ ರೇಲಿಂಗ್‌ಗೆ ಬೆಳ್ಳಿ ಬೆಸುಗೆ ಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಎಳೆದು ಗಟ್ಟಿ ಮಾಡಿದ 0.3 ಮಿ.ಮೀ. ತಂತಿಯನ್ನು ಕೆಂಪಗೆ ಕಾಯಿಸಿದರೆ ಏನಾಗುತ್ತದೆ? ಎಳೆತದಿಂದ ಬಂದ ಗಟ್ಟಿತನ ಪೂರ್ತಿ ಹೋಗುತ್ತದೆ. ಹೂವಿನ ದಾರದಂತೆ ಮೆತ್ತಗಾಗುತ್ತದೆ. ಮೂರು ಸಾಲು, ಹತ್ತು ಕಂಬದ ರೇಲಿಂಗನ್ನು ಹಾಗೆ ಮೆತ್ತಗೆ ಮಾಡಿದ ಮೇಲೆ ಅದನ್ನು ಮತ್ತೆ ಗಟ್ಟಿ ಮಾಡುವ ದಾರಿ ಇಲ್ಲ. ಒಂದು ಸಲ ಬಟ್ಟೆ ತಾಗಿದರೆ ಸಾಕು, ಸೊಟ್ಟ. ಐರನ್ನಿನ ಶಾಖಕ್ಕೆ ತಂತಿ ಮೆತ್ತಗಾಗುವುದಿಲ್ಲ. ರೇಲಿಂಗ್‌ಗೆ ಅದೇ ಸರಿ.

ಹಳೇಹಡಗು

ಒಪ್ಪಿದೆ. ರೇಲಿಂಗ್ ವಿಷಯದಲ್ಲಿ ನಿಮ್ಮ ಮಾತೇ ನಿಲ್ಲಲಿ. ಕೀಲು, ಲಂಗರು, ಹಾಯಿಕಂಬದ ಪಟ್ಟಿ, ಹಗ್ಗದ ಎಳೆತ ತಡೆಯಬೇಕಾದ ಕಣ್ಣುಮೊಳೆ, ಇವಕ್ಕೆ ಬೆಳ್ಳಿ ಬೆಸುಗೆ. ಹಗ್ಗ ಬಿಗಿದ ಮೇಲೆ ಕಣ್ಣುಮೊಳೆ ಬಾಯಿ ಬಿಟ್ಟರೆ ಅದನ್ನು ಸರಿ ಮಾಡಲು ಅರ್ಧ ಹಡಗು ಬಿಚ್ಚಬೇಕಾಗುತ್ತದೆ.

ಒಂದೇ ಭಾಗದಲ್ಲಿ ಎರಡೂ ಬಗೆಯ ಬೆಸುಗೆ ಬೇಕಾದರೆ ಬೆಳ್ಳಿಯದು ಮೊದಲು, ಮೆತ್ತನೆಯದು ಕೊನೆಗೆ. ಇದನ್ನು ಹಿಂದುಮುಂದು ಮಾಡಲೇಬಾರದು. ಸೀಸ-ತವರ ಅಂಟಿದ ಹಿತ್ತಾಳೆಯನ್ನು ಕೆಂಪಗೆ ಕಾಯಿಸಿದರೆ ಅದು ಹಿತ್ತಾಳೆಯನ್ನೇ ತಿಂದು ಗುಳಿ ಮಾಡುತ್ತದೆ. ನನ್ನ ಒಂದು ಲಂಗರಿನ ಕೈ ಹಾಗೇ ಹೋಯಿತು. ಅರದಲ್ಲಿ ಸಿಕ್ಕಿಕೊಂಡಿದ್ದ ಹಳೇ ಬೆಸುಗೆಯ ಪುಡಿ ಅದಕ್ಕೆ ಹತ್ತಿತ್ತು, ಅಷ್ಟಕ್ಕೇ. ಅವತ್ತಿನಿಂದ ಮೆತ್ತನೆ ಬೆಸುಗೆಗೆ ಬೇರೆ ಅರ, ಹಿಡಿಗೆ ಕೆಂಪು ಬಣ್ಣ ಬಳಿದು ಇಟ್ಟಿದ್ದೇನೆ.

ತೆಳುತಂತಿ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಉಳಿ ಮೊನೆ ತಂದೆ. ಫಾಸ್ಫಾರಿಕ್ ಫ್ಲಕ್ಸ್ ಕೂಡ. ಗಾಡಿ ಹೊಡೆದ ನಾಲ್ಕು ಕಂಬದ ಮೇಲೆ ನೋಡಿದೆ. ಬೆಸುಗೆ ಚೂರು ಮಾಯವೇ ಆದಂತೆ ಸಂದಿಗೆ ಹೋಯಿತು! ಭೂತಗನ್ನಡಿ ಹಿಡಿದು ನೋಡಿದರೆ ಮಾತ್ರ ಗೆರೆ ಕಾಣುತ್ತದೆ.

ಆದರೆ ಕಂಬ, ಕಂಬಿ ಎರಡನ್ನೂ ಅಲುಗದಂತೆ ಹಿಡಿಯುವುದು ಹೇಗೆ? ಫ್ಲಕ್ಸ್ ಕುದಿಯುವಾಗ ಕಂಬಿ ಜಾರುತ್ತದೆ. ಹಸಿರು ಪುಡಿಯ ವಿಷಯವೂ ಉಳಿದಿದೆ.

ಅರದಪುಡಿ

ಜಿಗ್ ಮಾಡಿಕೊಳ್ಳಿ, ಅಂದರೆ ಭಾಗಗಳನ್ನು ಅಲುಗದಂತೆ ಜಾಗದಲ್ಲಿ ಹಿಡಿದಿಡುವ ಅಚ್ಚು. ಚಪ್ಪಟೆಯಾದ ಗಟ್ಟಿ ಮರದ ಹಲಗೆ. ಅದರಲ್ಲಿ ಕಂಬಕ್ಕೆ ಒಂದೊಂದು ಗಾಡಿ, 15 ಮಿ.ಮೀ.ಗೆ ಒಂದು, ಕಂಬದ ಅರ್ಧ ದಪ್ಪದಷ್ಟು ಆಳ. ಕಂಬಗಳು ಅದರಲ್ಲಿ ಮಲಗುತ್ತವೆ. ಕಂಬಿಯನ್ನು ಹಲಗೆಗಿಂತ ಉದ್ದ ಬಿಡಿ. ಎರಡೂ ತುದಿಯನ್ನು ಸ್ವಲ್ಪ ಬಿಗಿಯಾಗಿ ಎಳೆದು ಟೇಪ್ ಹಾಕಿ. ಬಿಗಿ ಇದ್ದರೆ ಕಂಬಿ ತಾನೇ ಗಾಡಿಯೊಳಗೆ ಒತ್ತಿಕೊಂಡು ಕೂರುತ್ತದೆ. ಬೆಸುಗೆ ಮಾಡುವ ಜಾಗದ ಕೆಳಗೆ ಹಲಗೆಯನ್ನು ಒಂಚೂರು ಕೆತ್ತಿ ಟೊಳ್ಳು ಮಾಡಿ. ಇಲ್ಲದಿದ್ದರೆ ಮರ ಸುಟ್ಟು ಕರಿ ಮೆತ್ತಿಕೊಳ್ಳುತ್ತದೆ, ಫ್ಲಕ್ಸನ್ನೂ ಹೀರಿಬಿಡುತ್ತದೆ.

ಮೇಲೆ ಒತ್ತಿ ಹಿಡಿಯಲು ಉಕ್ಕಿನ ಚಿಮುಟ ಬೇಡ, ಶಾಖ ಕದಿಯುತ್ತದೆ. ಚೂಪು ಮಾಡಿದ ಬಿದಿರ ಕಡ್ಡಿ ಒಳ್ಳೆಯದು. ಐರನ್ ತೆಗೆದ ಮೇಲೂ ಮೂರು ಸೆಕೆಂಡ್ ಕಡ್ಡಿ ಅಲುಗಿಸಬೇಡಿ. ಆರುವಾಗ ಅಲುಗಿದ ಬೆಸುಗೆ ಮಂಕಾಗಿ, ಮರಳು ಮರಳಾಗಿ ಕಾಣುತ್ತದೆ. ಅದು ಹಿಡಿದಿರುವುದಿಲ್ಲ.

ಪಕ್ಕದ ಬೆಸುಗೆಗೆ ಇನ್ನೂ ಭಯ ಇದ್ದರೆ ಅದರ ಮೇಲೆ ಒದ್ದೆ ಟಿಶ್ಯೂ ಕಾಗದದ ಒಂದು ಚೂರು ಸುತ್ತಿ. ನೀರು ಇರುವ ತನಕ ಅದು 100 ಡಿಗ್ರಿ ದಾಟುವುದಿಲ್ಲ.

ಕಪ್ಪುಮಸಿ

ಹಸಿರು ಪುಡಿಗೆ ಕಾರಣ ನೀವು ಏಣಿಗೆ ಹಾಕಿದ ಫ್ಲಕ್ಸ್. ಬಹುಶಃ ಜಿಂಕ್ ಕ್ಲೋರೈಡ್ ಇದ್ದದ್ದು. ಅದು ಗಾಳಿಯಲ್ಲಿನ ನೀರನ್ನು ಹೀರಿಕೊಳ್ಳುತ್ತದೆ. ಸಂದಿಯಲ್ಲಿ ಉಳಿದರೆ ಒದ್ದೆಯಾಗಿಯೇ ಇರುತ್ತದೆ, ಹಿತ್ತಾಳೆಯನ್ನು ನಿಧಾನಕ್ಕೆ ತಿನ್ನುತ್ತಲೇ ಇರುತ್ತದೆ. ಮೇಲೆ ಬಣ್ಣ ಹೊಡೆದರೆ ಒಳಗೇ ಬೆಳೆಯುತ್ತದೆ. ಬರೀ ಒರೆಸಿದರೆ ಹೋಗುವುದಿಲ್ಲ.

ಯಾವ ಆಸಿಡ್ ಫ್ಲಕ್ಸ್ ಆದರೂ ಅವತ್ತೇ ತೊಳೆಯಬೇಕು. ಬಿಸಿನೀರಿಗೆ ಸ್ವಲ್ಪ ಅಡುಗೆ ಸೋಡ ಹಾಕಿ, ಮೆತ್ತನೆ ಹಲ್ಲುಜ್ಜುವ ಬ್ರಷ್‌ನಲ್ಲಿ ಪ್ರತಿ ಮೂಲೆಗೂ ಉಜ್ಜಿ. ಆಮೇಲೆ ಬರಿ ನೀರು, ಕೊನೆಗೆ ಡಿಸ್ಟಿಲ್ಡ್ ನೀರು. ಹಾಗೇ ಒಣಗಲು ಬಿಡದೆ ಬಿಸಿಗಾಳಿ ಹಾಯಿಸಿ. ಏಣಿಯನ್ನು ಉಳಿಸಿಕೊಳ್ಳಬಹುದು. ಬಣ್ಣ ತೆಗೆದು, ಹಸಿರನ್ನು ಸಿಟ್ರಿಕ್ ಆಸಿಡ್‌ನಲ್ಲಿ ಕಳೆದು, ಇದೇ ಕ್ರಮದಲ್ಲಿ ತೊಳೆಯಿರಿ.

ಸಿಟ್ರಿಕ್ ಆಸಿಡ್ ಅಂದ ಮೇಲೆ ಇದನ್ನೂ ಹೇಳಬೇಕು. ಬೆಳ್ಳಿ ಬೆಸುಗೆ ಆದ ಮೇಲೆ ಗಾಜಿನಂತೆ ಉಳಿಯುವ ಬಿಳಿಗಾರ ಮತ್ತು ಕರಿ ತೆಗೆಯಲು ಅದೇ ಸಾಕು. ಲೀಟರ್ ನೀರಿಗೆ 100 ಗ್ರಾಂ, ಕೈ ಸುಡದಷ್ಟು ಬೆಚ್ಚಗೆ, ಕಾಲು ಗಂಟೆ. ಒಳಗೆ ಕಬ್ಬಿಣದ ಇಕ್ಕಳ ಅದ್ದಬಾರದು. ಬಳಸಿ ಬಳಸಿ ಆ ನೀರಿನಲ್ಲಿ ತಾಮ್ರ ಕರಗಿರುತ್ತದೆ. ಕಬ್ಬಿಣ ತಾಗಿದರೆ ಆ ತಾಮ್ರ ಬಂದು ನಿಮ್ಮ ಹಿತ್ತಾಳೆಯ ಮೇಲೆ ಕೂತು ಗುಲಾಬಿ ಬಣ್ಣ ಬರುತ್ತದೆ. ಪ್ಲಾಸ್ಟಿಕ್ ಅಥವಾ ಬಿದಿರಿನ ಚಿಮುಟ ಇಟ್ಟುಕೊಳ್ಳಿ.

ಈಗ ಕಪ್ಪಿನ ಮಾತು. ಅಂಗಡಿಯಲ್ಲಿ ಸಿಗುವ ಹಿತ್ತಾಳೆ ಕಪ್ಪು ಮಾಡುವ ದ್ರಾವಣಗಳಲ್ಲಿ ಬಹಳಷ್ಟಕ್ಕೆ ಸೆಲೆನಿಯಂ ಆಧಾರ. ಕೈಗವಸು ಬೇಕೇ ಬೇಕು, ಕಿಟಕಿ ತೆರೆದಿರಬೇಕು. ಶೀಶೆಯಿಂದ ನೇರವಾಗಿ ಹಚ್ಚಿದರೆ ಅರ್ಧ ನಿಮಿಷಕ್ಕೆ ಕಪ್ಪು ಬರುತ್ತದೆ, ಒರೆಸಿದರೆ ಮಸಿಯಂತೆ ಉದುರುತ್ತದೆ. ನಾನು ಒಂದು ಪಾಲಿಗೆ ಒಂಬತ್ತು ಪಾಲು ಡಿಸ್ಟಿಲ್ಡ್ ನೀರು ಬೆರೆಸುತ್ತೇನೆ. ಭಾಗವನ್ನು ಒಳಗೆ ಆಡಿಸುತ್ತಾ ಎರಡು ಮೂರು ನಿಮಿಷ. ಮೊದಲು ಜೇನಿನ ಬಣ್ಣ, ಆಮೇಲೆ ಕಂದು, ಆಮೇಲೆ ಬೂದುಗಪ್ಪು. ತೆಗೆದು, ತೊಳೆದು, ಹತ್ತಿ ಬಟ್ಟೆಯಲ್ಲಿ ಮೆಲ್ಲಗೆ ಉಜ್ಜಿ, ಮತ್ತೆ ಅದ್ದುವುದು. ಮೂರು ಸುತ್ತಿಗೆ ಬರುವ ಕಪ್ಪು ಲೋಹಕ್ಕೇ ಅಂಟಿರುತ್ತದೆ. ಹಳೇ ಕಬ್ಬಿಣದ ಮೈಯಂತೆ ಕಾಣುತ್ತದೆ. ಅದನ್ನು ಯಾವ ಬಣ್ಣವೂ ಕೊಡುವುದಿಲ್ಲ ಅಂತ ನನ್ನ ನಂಬಿಕೆ.

ಬೆರಳಿನ ಜಿಡ್ಡು ಇದ್ದ ಕಡೆ ಕಪ್ಪು ಹಿಡಿಯುವುದಿಲ್ಲ. ಅಸಿಟೋನ್‌ನಲ್ಲಿ ತೊಳೆದ ಮೇಲೆ ಭಾಗವನ್ನು ಕೈಯಲ್ಲಿ ಮುಟ್ಟಲೇಬೇಡಿ. ಮುಂಚೆಯೇ ಒಂದು ತಂತಿಯ ಕೊಕ್ಕೆಗೆ ನೇತುಹಾಕಿ.

ತೆಳುತಂತಿ

ಮತ್ತೆ ಆ ಬೆಳ್ಳಿ ಚುಕ್ಕೆಗಳು? ರೇಲಿಂಗ್‌ಗೆ ಮೆತ್ತನೆ ಬೆಸುಗೆಯೇ ಅಂತ ಈಗ ತೀರ್ಮಾನ ಆಗಿದೆಯಲ್ಲ.

ಕಪ್ಪುಮಸಿ

ತವರಕ್ಕೆ ಹಿತ್ತಾಳೆಯ ದ್ರಾವಣ ಸರಿಯಾಗಿ ಹಿಡಿಯುವುದಿಲ್ಲ. ಮೊದಲು ಹೊರಗೆ ಹರಡಿದ ಬೆಸುಗೆಯನ್ನು ಕೆರೆದು ತೆಗೆಯಿರಿ. ಹಿತ್ತಾಳೆ ಪಟ್ಟಿಯ ತುದಿಯನ್ನೇ ಉಳಿಯಂತೆ ಚೂಪು ಮಾಡಿಕೊಂಡರೆ ಒಳ್ಳೆಯ ಕೆರೆಯುವ ಸಾಧನ. ಅದು ಬೆಸುಗೆಯನ್ನು ಕೆರೆಯುತ್ತದೆ, ಕೆಳಗಿನ ಹಿತ್ತಾಳೆಗೆ ಗೀರು ಬೀಳುವುದು ಕಡಿಮೆ. ಫೈಬರ್‌ಗ್ಲಾಸ್ ಬ್ರಷ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದರ ಎಳೆಗಳು ಚರ್ಮಕ್ಕೆ ಚುಚ್ಚಿಕೊಂಡರೆ ದಿನವೆಲ್ಲಾ ಉರಿ. ಹರಿಯುವ ನೀರಿನ ಕೆಳಗೆ, ಕೈಗವಸು ಹಾಕಿ ಬಳಸಿ. ಉಕ್ಕಿನ ನಾರಿನಲ್ಲಿ ಉಜ್ಜಬೇಡಿ. ಅದರ ತುಣುಕು ಸಂದಿಯಲ್ಲಿ ಉಳಿದು ಆಮೇಲೆ ತುಕ್ಕಿನ ಚುಕ್ಕೆ ಬರುತ್ತದೆ.

ಇಷ್ಟಾದ ಮೇಲೂ ಬೆಸುಗೆಯ ಗೆರೆ ಉಳಿಯುತ್ತದೆ. ಅದಕ್ಕೆ ತಾಮ್ರದ ಪೊರೆ ಕೊಡಿ. ಬಣ್ಣದ ಗಾಜಿನ ಕಿಟಕಿ ಮಾಡುವವರು ತಮ್ಮ ಬೆಸುಗೆಗಳಿಗೆ ಮೈಲುತುತ್ತದ (ತಾಮ್ರದ ಸಲ್ಫೇಟ್) ದ್ರಾವಣ ಹಚ್ಚಿ ತಾಮ್ರದ ಬಣ್ಣ ತರುತ್ತಾರೆ. ಅದೇ ಉಪಾಯ. ಸಣ್ಣ ಕುಂಚದಲ್ಲಿ ಬೆಸುಗೆಯ ಮೇಲಷ್ಟೇ ಹಚ್ಚಿ. ತವರದ ಮೇಲೆ ತಾಮ್ರ ಕೂರುತ್ತದೆ. ತೊಳೆದು ಕಪ್ಪು ದ್ರಾವಣಕ್ಕೆ ಹಾಕಿದರೆ ಆ ತಾಮ್ರ ಕಪ್ಪಾಗುತ್ತದೆ. ಪೊರೆ ಬಹಳ ತೆಳು, ಆಮೇಲೆ ಜೋರಾಗಿ ಉಜ್ಜಬಾರದು. ಮೈಲುತುತ್ತವೂ ವಿಷವೇ, ಅಡುಗೆ ಪಾತ್ರೆಯ ಹತ್ತಿರ ತರಬೇಡಿ.

ಹಾಯಿಗಂಟು

ನಡುವೆ ಬಾಯಿ ಹಾಕುತ್ತೇನೆ. ಉಗಿಹಡಗಿನ ರೇಲಿಂಗ್ ಕಪ್ಪು ಯಾಕೆ ಬೇಕು? ಹೆಚ್ಚಿನ ಉಗಿಹಡಗುಗಳಲ್ಲಿ ಅದಕ್ಕೆ ಬಣ್ಣ ಬಳಿದಿರುತ್ತಿದ್ದರು. ನಿಮ್ಮ ಹಡಗಿನ ಚಿತ್ರ ಇದ್ದರೆ ಒಮ್ಮೆ ನೋಡಿ. ಬಿಳಿ ಬಣ್ಣ ಅಂತಾದರೆ ಈ ತಾಮ್ರ, ಕಪ್ಪು ಯಾವುದೂ ಬೇಕಾಗಿಲ್ಲ.

ಯಾವ ಭಾಗ ಯಾವ ಲೋಹದ್ದು ಅಂತ ಯೋಚಿಸದೇ ಎಲ್ಲವನ್ನೂ ಕಪ್ಪು ಮಾಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಚುಕ್ಕಾಣಿಯ ಕೀಲನ್ನೇ ತಗೊಳ್ಳಿ. 1761ರಲ್ಲಿ ಬ್ರಿಟಿಷ್ ನೌಕಾಪಡೆ ಅಲಾರ್ಮ್ ಅನ್ನುವ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿತು. ಹುಳು ಮರ ಕೊರೆಯುವುದು ನಿಂತಿತು. ಆದರೆ ತಾಮ್ರ ತಾಗಿದ ಕಡೆ ಕಬ್ಬಿಣದ ಮೊಳೆಗಳು ಉಪ್ಪುನೀರಿನಲ್ಲಿ ಕರಗಿ ಹೋದವು. ಹಾಗಾಗಿ ತಾಮ್ರ ಹೊದಿಸಿದ ಹಡಗುಗಳಲ್ಲಿ ನೀರಿನ ಕೆಳಗಿನ ಬೋಲ್ಟು, ಕೀಲುಗಳನ್ನು ತಾಮ್ರದ ಮಿಶ್ರಲೋಹದಲ್ಲಿ ಮಾಡತೊಡಗಿದರು. ಅಂಥ ಹಡಗಿನ ಮಾದರಿಯಲ್ಲಿ ಕೀಲನ್ನು ಕಪ್ಪು ಮಾಡಿದರೆ ತಪ್ಪು. ಹಿತ್ತಾಳೆಯನ್ನು ಒಂಚೂರು ಮಂಕು ಮಾಡಿ ಬಿಟ್ಟರೆ ಸಾಕು.

1832ರಲ್ಲಿ ಮಂಟ್ಸ್ ಎಂಬವರು 60 ಪಾಲು ತಾಮ್ರ, 40 ಪಾಲು ಸತುವಿನ ಹಿತ್ತಾಳೆಗೆ ಪೇಟೆಂಟ್ ಪಡೆದರು. 1869ರ ಕಟಿ ಸಾರ್ಕ್ ಹಡಗಿನ ತಳಕ್ಕೆ ಹೊದಿಸಿದ್ದು ಆ ಲೋಹವೇ. ಅಂದರೆ ಆ ಹಡಗಿನ ಮಾದರಿಗೆ ನಾವು ಹಿತ್ತಾಳೆ ತಗಡು ಹಚ್ಚಿದರೆ ಅದು ನಿಜವಾದ ಲೋಹವೇ ಆಯಿತು. ಇದನ್ನು ನೆನೆದಾಗ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಸಣ್ಣಬೆಂಕಿ

ಬಣ್ಣ ಬಳಿಯುವುದಾದರೆ ದಪ್ಪದ ಲೆಕ್ಕ ಹಾಕಿ. 0.3 ಮಿ.ಮೀ. ಕಂಬಿ ಅಂದರೆ ನಿಜ ಹಡಗಿನಲ್ಲಿ 29 ಮಿ.ಮೀ. ಸುತ್ತಲೂ 0.05 ಮಿ.ಮೀ. ಬಣ್ಣ ಕೂತರೆ ಕಂಬಿ 0.4 ಆಗುತ್ತದೆ, ಅಂದರೆ 38 ಮಿ.ಮೀ. ಕಣ್ಣಿಗೆ ತಕ್ಷಣ ದಪ್ಪ ಅನ್ನಿಸುತ್ತದೆ. ಕುಂಚ ಬೇಡ, ಏರ್‌ಬ್ರಷ್‌ನಲ್ಲಿ ತೆಳ್ಳಗೆ. ಮೊದಲು ಲೋಹಕ್ಕೆ ಕಚ್ಚಿಕೊಳ್ಳುವ ಎಚ್ (etch) ಪ್ರೈಮರ್. ಅದಿಲ್ಲದೇ ಅಕ್ರಿಲಿಕ್ ಬಣ್ಣ ನೇರ ಹಿತ್ತಾಳೆಗೆ ಬಳಿದರೆ ಉಗುರು ತಾಗಿದರೂ ಸಿಪ್ಪೆಯಂತೆ ಏಳುತ್ತದೆ.

ಬಿಳಿ ಬಣ್ಣ ಯಾವ ತಪ್ಪನ್ನೂ ಮುಚ್ಚುವುದಿಲ್ಲ ಅನ್ನುವುದು ನೆನಪಿರಲಿ. ಉಬ್ಬು ಇದ್ದರೆ ಅದರ ನೆರಳು ಬೀಳುತ್ತದೆ. ಕಡಿಮೆ ಬೆಸುಗೆ ಅನ್ನುವ ಮಾತು ಇಲ್ಲಿಗೂ ಸಲ್ಲುತ್ತದೆ.

ಹಳೇಹಡಗು

ಹಿತ್ತಾಳೆಯನ್ನು ಹಿತ್ತಾಳೆಯಾಗಿಯೇ ಬಿಡುವವರಿಗೆ ಒಂದು ಮಾತು. ಅಮೋನಿಯ ಇರುವ ಪಾಲಿಶ್ ಬಳಸಬೇಡಿ. ಎಳೆದು, ಬಾಗಿಸಿ ಗಟ್ಟಿ ಮಾಡಿದ ಹಿತ್ತಾಳೆಯ ಒಳಗೆ ಬಿಗಿತ ಉಳಿದಿರುತ್ತದೆ. ಅಮೋನಿಯ ತಾಗಿದರೆ ಅದು ಸೀಳುತ್ತದೆ. ಹಿಂದೆ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯ ಹಿತ್ತಾಳೆಯ ತೋಟಾಗಳನ್ನು ಕುದುರೆ ಲಾಯದಲ್ಲಿ ಇಟ್ಟಾಗ ಮಳೆಗಾಲದಲ್ಲಿ ಅವು ತಾವೇ ಬಿರುಕು ಬಿಡುತ್ತಿದ್ದವು. ಕಾರಣ ಲಾಯದ ಅಮೋನಿಯ ಅಂತ 1921ರಲ್ಲಿ ಗೊತ್ತಾಯಿತು. ನಮ್ಮ 0.3 ಮಿ.ಮೀ. ತಂತಿಯೂ ಅದೇ ಜಾತಿಯ ಲೋಹ.

ಹೊಳಪು ಕೊಟ್ಟು, ಜಿಡ್ಡು ತೆಗೆದು, ತೆಳ್ಳನೆಯ ಲ್ಯಾಕರ್ ಒಂದು ಸಲ ಹೊಡೆದರೆ ಬಹಳ ಕಾಲ ಮಂಕಾಗುವುದಿಲ್ಲ.

ಸೀಸದ ಬೆಸುಗೆ ಬಳಸಿದವರು ಕೈ ತೊಳೆಯದೇ ಏನೂ ಬಾಯಿಗಿಡಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಪೂರ್ತಿ ಸೀಸದ ಎರಕದ ಬಿಡಿಭಾಗಗಳನ್ನು ಓಕ್ ಮರದ ಮುಚ್ಚಿದ ಪೆಟ್ಟಿಗೆಯಲ್ಲಿ ಇಡುವುದೂ ಬೇಡ. ಮರ ಬಿಡುವ ಅಸಿಟಿಕ್ ಆಸಿಡ್ ಆವಿಗೆ ಸೀಸ ಬಿಳಿ ಪುಡಿಯಾಗುತ್ತದೆ. ನಾನು ಹೊಸ ಕೆಲಸಕ್ಕೆಲ್ಲಾ ತವರ-ಬೆಳ್ಳಿ ಬೆಸುಗೆಗೆ ಬದಲಾಗಿದ್ದೇನೆ. ಐರನ್ ಸ್ವಲ್ಪ ಬಿಸಿ ಜಾಸ್ತಿ ಬೇಕು, ಬೇರೇನೂ ವ್ಯತ್ಯಾಸ ಇಲ್ಲ.

ತೆಳುತಂತಿ

ಹಳೇ ಚಿತ್ರ ಹುಡುಕಿ ನೋಡಿದೆ. ಹಾಯಿಗಂಟು ಅವರು ಹೇಳಿದ್ದೇ ನಿಜ, ರೇಲಿಂಗ್ ಬಿಳಿ. ಇಷ್ಟು ದಿನ ಅದನ್ನು ಗಮನಿಸಿರಲೇ ಇಲ್ಲ.

ನಿನ್ನೆ ರಾತ್ರಿ ಎಂಟು ಕಂಬದ ಒಂದು ಪೂರ್ತಿ ತುಂಡು ಮುಗಿಸಿದೆ. 24 ಬೆಸುಗೆ. ಒಂದೂ ಕಳಚಲಿಲ್ಲ. ಜಿಗ್‌ನಿಂದ ಎತ್ತಿ ದೀಪಕ್ಕೆ ಹಿಡಿದಾಗ ಮೂರು ಕಂಬಿಯೂ ಗೆರೆ ಎಳೆದಂತೆ ನೇರ ಇದ್ದವು. ಸುಮ್ನೆ ಹಿಡಿದುಕೊಂಡು ಬಹಳ ಹೊತ್ತು ನೋಡುತ್ತಾ ಕೂತಿದ್ದೆ. ಸೋಡ ನೀರಿನಲ್ಲಿ ತೊಳೆದು ಒಣಗಿಸಿದ್ದೇನೆ. ಏಣಿಯ ಬಣ್ಣ ತೆಗೆದು ಅದನ್ನೂ ಸಿಟ್ರಿಕ್ ನೀರಿಗೆ ಹಾಕಿದ್ದೇನೆ.

ಇನ್ನು ಒಂದೇ ಪ್ರಶ್ನೆ. ಹಡಗಿನ ಹಿಂಭಾಗದಲ್ಲಿ ರೇಲಿಂಗ್ ದುಂಡಗೆ ತಿರುಗುತ್ತದೆ. ಅಲ್ಲಿ ಚಪ್ಪಟೆ ಜಿಗ್ ಆಗುವುದಿಲ್ಲ. ತುಂಡು ತುಂಡು ಮಾಡಿ ಮೂಲೆಯಲ್ಲಿ ಬೆಸೆಯಲಾ?

ಅರದಪುಡಿ

ಬೇಡ. ತಿರುವಿನಲ್ಲಿ ಕಂಬಿಗೆ ಜಾಯಿಂಟ್ ಇಟ್ಟರೆ ಅಲ್ಲೇ ಕಣ್ಣು ನಿಲ್ಲುತ್ತದೆ. ಡೆಕ್ಕಿನ ಹಿಂಭಾಗದ ಅಂಚನ್ನು ಕಾಗದದಲ್ಲಿ ತೆಗೆದುಕೊಳ್ಳಿ. ಅದೇ ಆಕಾರಕ್ಕೆ ಒಂದು ಮರದ ದಿಮ್ಮಿ ಕತ್ತರಿಸಿ, ಎತ್ತರ 15 ಮಿ.ಮೀ. ಇರಲಿ. ಆಕಾರ ಮಾತ್ರ ಡೆಕ್ಕಿಗಿಂತ ಒಂದು ಕೂದಲೆಳೆ ಚಿಕ್ಕದಿರಲಿ, ಯಾಕೆಂದರೆ ತಂತಿ ಬಿಟ್ಟ ಮೇಲೆ ಸ್ವಲ್ಪ ಹಿಗ್ಗುತ್ತದೆ. ಕಂಬದ ಗಾಡಿಗಳನ್ನು ದಿಮ್ಮಿಯ ಬದಿಯಲ್ಲಿ ನೆಟ್ಟಗೆ ಕೊರೆಯಿರಿ. ಕಂಬಿಯನ್ನು ಮೊದಲೇ ಬೇರೊಂದು ದುಂಡು ಕೊಳವೆಗೆ ಸುತ್ತಿ ತಿರುವಿಗೆ ಹತ್ತಿರದ ಬಾಗು ಕೊಡಿ. ಆಮೇಲೆ ದಿಮ್ಮಿಗೆ ಸುತ್ತಿ, ಎರಡೂ ತುದಿಯನ್ನು ಮುಂಭಾಗದಲ್ಲಿ ಪಿನ್ ಹೊಡೆದು ಕಟ್ಟಿ. ಬೆಸುಗೆ ತಿರುವಿನ ನಡು ಕಂಬದಿಂದ ಶುರು ಮಾಡಿ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗಿ. ಒಂದೇ ಕಡೆಯಿಂದ ಸಾಗಿದರೆ ಕಂಬಿಯ ಸಡಿಲವೆಲ್ಲಾ ಕೊನೆಯ ಕಂಬದ ಹತ್ತಿರ ಸೇರಿಕೊಂಡು ಅಲ್ಲಿ ಡೊಂಕಾಗುತ್ತದೆ.

ಎರಡು ನೇರ ತುಂಡುಗಳು ಈ ತಿರುವಿಗೆ ಕೂಡುವ ಜಾಗವನ್ನು ಒಂದು ಕಂಬದ ಹಿಂದೆ ಇಟ್ಟುಕೊಳ್ಳಿ, ಹೊರಗಿನಿಂದ ಕಾಣುವುದಿಲ್ಲ.

ತೆಳುತಂತಿ

ದಿಮ್ಮಿಗೆ ಮರ ಈಗಲೇ ಎತ್ತಿಟ್ಟೆ. ನಾಳೆ ಗಾಡಿ ಕೊರೆದು ಹೇಳುತ್ತೇನೆ.